ಮೂರು ಕೋರ್ಸು, ಎಂಟು ಶನಿವಾರ

“ವೈನ್ ಕಲಿಸಕ್ಕೂ ಮೂರ್ಮೂರು ಇಸ್ಕೂಲಾ? ನಮ್ಮ ಕಾಲದ ಗಂಡಸರು ಯಾವ ಇಸ್ಕೂಲಿಗೂ ಹೋಗದೆ ಕಲ್ತ್‌ಬಿಟ್ರಲ್ಲೇ,” ಅಂದರು ಲಕ್ಷ್ಮೀನರಸಮ್ಮ, ಅವರೆಕಾಯಿ ಸುಲಿಯುವ ಕೈ ನಿಲ್ಲಿಸದೆ.

ಸೊಸೆ ಶೋಭಾರಾಣಿಗೆ ನಗು ಬಂತು. ಕುಡಿಯೋದಲ್ಲ, ಬಾಯಲ್ಲಿಟ್ಟು ಉಗುಳೋದು ಅಂತ ಆಗಲೇ ಎರಡು ಸಲ ಹೇಳಿದ್ದಳು. ನಂದಿಯ ಹತ್ತಿರದ ವೈನರಿಯಲ್ಲಿ ಅವಳದು ಟಿಕೆಟ್ ಕೌಂಟರಿನ ಕೆಲಸ. ಬಂದವರಿಗೆ ವೈನಿನ ರುಚಿ ತೋರಿಸಿ ವಿವರಿಸುವವರ ಜಾಗ ಈಗ ಖಾಲಿಯಾಗಿತ್ತು. ಒಂದು ಕೋರ್ಸ್ ಮುಗಿಸಿದರೆ ಆ ಜಾಗ ನಿಮಗೇ, ಫೀಸು ಕಂಪನಿದು, ಯಾವ ಕೋರ್ಸು ಅಂತ ಇವತ್ತು ಸಂಜೆಯೊಳಗೆ ತಿಳಿಸಿ ಅಂದಿದ್ದರು ಮ್ಯಾನೇಜರ್ ಮುರಳಿಮೋಹನ್. ತಿಳಿಸದಿದ್ದರೆ ಹೊರಗಿನಿಂದ ಯಾರನ್ನಾದರೂ ತರುತ್ತಾರಂತೆ.

ಹೋದ ತಿಂಗಳು ಒಂದು ದಿನ ರುಚಿ ತೋರಿಸುವವರ ಬದಲಿಗೆ ಅವರ ಮೇಜಿನ ಹಿಂದೆ ನಿಂತು ಅವಳು ಪೆಚ್ಚಾಗಿದ್ದಳು. ಇದರಲ್ಲಿ ಬ್ಲ್ಯಾಕ್‌ಕರೆಂಟ್ ಹಣ್ಣಿನ ವಾಸನೆ ಇದೆ ಸಾರ್ ಅಂತ ಲೇಬಲ್ಲು ನೋಡಿ ಒಪ್ಪಿಸಿದಳು. ಚಿಂತಾಮಣಿಯ ತರಕಾರಿ ಮಂಡಿಯವರೊಬ್ಬರು, ಆ ಹಣ್ಣು ಎಂಗಿರ್ತದಮ್ಮ, ನಮ್ಮ ಮಂಡಿಗೆ ಒಂದಿನಾನೂ ಬಂದಿಲ್ವಲ್ಲ ಅಂದರು. ಅವಳೂ ಕಂಡಿರಲಿಲ್ಲ.

ಅದಕ್ಕೇ ಬೆಳಿಗ್ಗೆಯಿಂದ ಮೂರು ಕೋರ್ಸಿನವರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಹಾಕಿದ್ದಳು: ನಾವು ಕಾಣದ ಹಣ್ಣಿನ ವಾಸನೆ ಹೆಂಗೆ ಕಲಿಸ್ತೀರಿ? ಆನ್‌ಲೈನ್ ಕೋರ್ಸಿನ ಹುಡುಗಿ ವಿಡಿಯೋ ಇದೆ ಮೇಡಂ ಅಂದಳು. ವಿಡಿಯೋದಲ್ಲಿ ವಾಸನೆ ಹೆಂಗಮ್ಮ ಬರುತ್ತೆ ಅಂದರೆ, ಲಿಂಕ್ ಕಳಿಸ್ತೀನಿ ಅಂದಳು. ಬೆಂಗಳೂರಿನ ಕ್ಲಾಸಿನವರು ಎಂಟು ವಾರ, ಒಂದು ಪಟ್ಟಿ ಕೊಡ್ತೀವಿ, ಬಾಯಿಪಾಠ ಮಾಡಿ, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು ಯಾವ ದೇಶಕ್ಕೆ ಹೋದರೂ ನಡೆಯುತ್ತೆ ಅಂತ ಒಂದೇ ಉಸಿರಲ್ಲಿ ಮುಗಿಸಿದರು. ಚಿಕ್ಕಬಳ್ಳಾಪುರದ ಗಂಗರಾಜು ಮಾತ್ರ ಅರ್ಧ ಗಂಟೆ ಮಾತಾಡಿದರು. ಇಪ್ಪತ್ತು ವರ್ಷ ವೈನ್ ಮಾಡಿ ನಿವೃತ್ತರಾದವರು. ಮೊದಲ ತಿಂಗಳು ಗ್ಲಾಸೇ ಮುಟ್ಟಿಸಲ್ಲ ಕಣಮ್ಮ, ನೇರಳೆ, ಬೆಲ್ಲ, ಕೊತ್ತಂಬರಿ, ನೆಂದ ಗೋಣಿಚೀಲ, ಎಲ್ಲ ಕಣ್ಣು ಕಟ್ಟಿ ಮೂಸಿಸ್ತೀನಿ ಅಂದರು. ಸರ್ಟಿಫಿಕೇಟು? ನನ್ನ ಕೈಬರಹದ್ದೇ ಅಂತ ನಕ್ಕರು. ಇಷ್ಟನ್ನೂ ಅತ್ತೆಗೆ ಹೇಳಿದ್ದಳು.

“ಗಂಗರಾಜು ಅವ್ರ ಹತ್ರಾನೇ ಸೇರ್ತೀನಿ ಅತ್ತೆ.”

“ಏಮಮ್ಮ, ಶನಿವಾರ ನೈವೇದ್ಯದ ಹುಳಿಗೆ ಉಪ್ಪು ಸಾಕಾ ಅಂತ ಎಂಗ್ ನೋಡ್ತೀಯ?”

“ಮೂಸಿ.” ದೇವರಿಗೆ ಇಡುವ ಮೊದಲು ನಾಲಿಗೆಗೆ ಮುಟ್ಟಿಸುವಂತಿಲ್ಲವಲ್ಲ.

“ಯಾರ್ ಕಲಿಸಿದ್ದು?”

“ನೀವೇ.”

“ಮೂಗು ಮನೇಲೇ ತಯಾರಾಗಿದೆ. ನಿನ್ ಹತ್ರ ಇಲ್ದೇ ಇರೋದು ಆ ಪಟ್ಟಿ, ಆ ಕಾಗದ. ಅದನ್ನ ನಾನೂ ಕೊಡಕ್ಕಾಗಲ್ಲ, ನಿನ್ ಗಂಗರಾಜೂ ಕೊಡಕ್ಕಾಗಲ್ಲ. ಬೆಂಗಳೂರಿಗೆ ಹೋಗೋದ್ ಬಿಟ್ಟು ಇದೇನ್ ಹುಡುಗಾಟ?”

ಶೋಭಾರಾಣಿ ಅವರೆಸಿಪ್ಪೆ ಒಟ್ಟುಮಾಡುತ್ತ ಕೂತಳು. ಹೇಳದೆ ಉಳಿದಿದ್ದ ಮಾತು ಒಂದಿತ್ತು. ಬೆಂಗಳೂರಿನ ಕ್ಲಾಸು ನಡೆಯುವುದು ಶನಿವಾರ. ಈ ಮನೆಯಲ್ಲಿ ಶನಿವಾರ ವೆಂಕಟರಮಣನದು. ಮನೆಯ ಹೆಂಗಸೊಬ್ಬಳು ಒಪ್ಪೊತ್ತಿದ್ದು, ಮಡಿಯಲ್ಲಿ ಅಡುಗೆ ಮಾಡಿ ಎಡೆ ಇಡಬೇಕು. ಅವತ್ತು ಉಗುಳುವುದಕ್ಕೂ ವೈನು ಬಾಯಿಗೆ ತಾಗುವಂತಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಅತ್ತೆಯೇ ಆ ವ್ರತವನ್ನು ಅವಳ ಕೈಗೆ ಒಪ್ಪಿಸಿದ್ದರು, ಆರು ವರ್ಷದ ಹಿಂದೆ. ಒಂದು ವಾರವೂ ತಪ್ಪಿರಲಿಲ್ಲ.

ತಲೆ ಎತ್ತದೆಯೇ ಅದನ್ನೂ ಹೇಳಿದಳು.

ಲಕ್ಷ್ಮೀನರಸಮ್ಮ ಸುಲಿದ ಕಾಳನ್ನು ಪಾತ್ರೆಗೆ ಸುರಿದರು.

“ವ್ರತ ಮನೇದು ಕಣೇ, ನಿಂದಲ್ಲ. ಯಾರೋ ಒಬ್ರು ಹಿಡಿದ್ರೆ ಆಯ್ತು. ಎಂಟು ವಾರ ನನಗೆ ಕೊಡು, ಮುಗಿಸ್ಕೊಂಡ್ ಬಂದು ವಾಪಸ್ ತಗೋ.”

“ನಿಮಗೆ ಶುಗರ್ ಇದೆ ಅತ್ತೆ. ತಲೆ ಸುತ್ತಿದ್ರೆ?”

“ರಾತ್ರಿ ರಾಗಿ ಗಂಜಿ ಕುಡಿದ್ರೆ ವೆಂಕಟರಮಣ ಏನೂ ಬೇಡ ಅನ್ನಲ್ಲ. ಡಾಕ್ಟ್ರನ್ನ ಮಾತ್ರ ನೀನೇ ಕೇಳ್ಬಿಡು, ನನ್ ಮಾತು ಅವರು ನಂಬಲ್ಲ.”

ಶೋಭಾರಾಣಿ ಮೊದಲು ಡಾಕ್ಟರಿಗೆ ಫೋನ್ ಮಾಡಿದಳು. ಬೆಳಗಿನ ಮಾತ್ರೆ, ಮಧ್ಯಾಹ್ನದ ಊಟ ತಪ್ಪಿಸದಿದ್ದರೆ ಆಗಬಹುದು ಅಂದರು. ಆಮೇಲೆ ಮುರಳಿಮೋಹನ್‌ಗೆ ಬೆಂಗಳೂರಿನ ಕೋರ್ಸಿನ ಹೆಸರು ಬರೆದು ಕಳಿಸಿದಳು.

ಅಷ್ಟರಲ್ಲಿ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದಿದ್ದರು. ಅರಿಶಿನದ ಬಟ್ಟಲಲ್ಲಿ ಬೆರಳು ಅದ್ದಿ, ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದೇ ಶನಿವಾರಕ್ಕೆ ಬೊಟ್ಟು ಇಟ್ಟರು. ಆ ಹಾಳೆಯಲ್ಲಿ ಮೂರೇ ಸಿಕ್ಕಿದವು. ಮುಂದಿನ ತಿಂಗಳಿಗೆ ಹಾಳೆ ಮಗುಚೋಣವೆಂದರೆ ಕೈಗೆಲ್ಲ ಅರಿಶಿನ ಮೆತ್ತಿತ್ತು, ಸೊಸೆಯ ಕಡೆ ನೋಡಿದರು. ಶೋಭಾರಾಣಿ ಎದ್ದು ಹೋಗಿ ಹಾಳೆ ಎತ್ತಿ ಹಿಡಿದಳು.