ಹಾಲೋ, ನೀರೋ

ಎಲ್ಲಿಂದ ಶುರು ಮಾಡುವುದು? ಪ್ರಯೋಗಾಲಯದಿಂದ ಎಂದರೆ ನೀವು ಪುಟ ತಿರುವಿಬಿಡುತ್ತೀರಿ. ಮನೆಯಿಂದ ಎಂದರೆ ಅಕ್ಕ ಮುನಿಯುತ್ತಾಳೆ. (ಅಕ್ಕ ಈ ಕಥೆಯ ನಾಯಕಿ, ಭೌತವಿಜ್ಞಾನಿ. ಕಥೆಗಾರನ ಮಾತಿಗೆ ಮೂರು ಕಾಸಿನ ಬೆಲೆ ಕೊಡುವವಳಲ್ಲ.)

1
ಅಕ್ಕ ಕೆಲಸ ಮಾಡುವಲ್ಲಿ ಪರಮಾಣುವಿನ ಬೀಜವನ್ನು, ಅಂದರೆ ನ್ಯೂಕ್ಲಿಯಸ್ಸನ್ನು ಒಡೆದು, ಚೂರುಗಳಲ್ಲಿ ಬೇಕಾದ್ದನ್ನು ಸೋಸಿ, ಕಿರಣವಾಗಿ ಹಾರಿಸುತ್ತಾರೆ. ಕಣ್ಣು ಮಿಟುಕಿಸುವುದರೊಳಗೆ ಅಳಿದುಹೋಗುವ ಜೀವಗಳು ಅವು. (‘ಜೀವಗಳು’ ಹೊಡೆದುಹಾಕು ಎಂದಳು ಅಕ್ಕ. ಹೊಡೆದುಹಾಕಿಲ್ಲ.) ಅಂಥದ್ದೊಂದು ಲಿಥಿಯಂನಲ್ಲಿ ಎರಡು ನ್ಯೂಟ್ರಾನುಗಳು ಗುಂಪು ಬಿಟ್ಟು ದೂರದಲ್ಲಿ ಸುಳಿದಾಡುತ್ತವೆ. ಆದರೂ ಅದೇ ಮನೆಯವು. ಇದಕ್ಕೆ ಹಾಲೋ, ಅಂದರೆ ಪ್ರಭಾವಳಿ, ಎಂದು ಹೆಸರು. ನಾವೆಲ್ಲ ಶಾಲೆಯಲ್ಲಿ ಬರೆದ ಗಟ್ಟಿ ಉಂಡೆಯ ಚಿತ್ರ ಅಲ್ಲಿಗೆ ಸಡಿಲವಾಯಿತು.

2
(ಮೊದಲ ಕರಡಿನಲ್ಲಿ ಇಲ್ಲೊಂದು ಪ್ರೇಮಪ್ರಕರಣವಿತ್ತು. ಅಕ್ಕ ನಕ್ಕಳು, ಕಿತ್ತೆಸೆಯಬೇಕಾಯಿತು.)
ವಿಷಯ ಇಷ್ಟೇ. ತಂಗಿಗೆ ದೂರದೂರಿನ ರಂಗಮಂದಿರದಲ್ಲಿ ಲೈಟಿಂಗ್ ಕೆಲಸ ಸಿಕ್ಕಿದೆ, ನಾಳೆಯೊಳಗೆ ಹೂಂ ಅನ್ನಬೇಕು. ಅಪ್ಪ ಸುತರಾಂ ಒಪ್ಪುತ್ತಿಲ್ಲ. ಅವರು ರಿಟೈರಾದ ವಿಜ್ಞಾನದ ಮೇಷ್ಟ್ರು. ಗೋಲಿಗಳನ್ನು ಗೋಂದಿನಿಂದ ಅಂಟಿಸಿ ಮಾಡಿದ ಅವರ ನ್ಯೂಕ್ಲಿಯಸ್ಸು ಇನ್ನೂ ಶೋಕೇಸಿನಲ್ಲಿದೆ. ಅಂಟಿಕೊಂಡಿದ್ದರೇ ನ್ಯೂಕ್ಲಿಯಸ್ಸು, ಅಂಟಿಕೊಂಡಿದ್ದರೇ ಸಂಸಾರ ಎಂಬುದು ಅವರ ಪಾಠ. ಅಮ್ಮ ಹೋದಮೇಲೆ ಆ ಪಾಠ ಇನ್ನೂ ಬಿಗಿಯಾಯಿತು.

3
ಮೇಷ್ಟ್ರನ್ನು ಗೆಲ್ಲಲು ಪಾಠವೇ ಸರಿ ಎಂದುಕೊಂಡು ಅಕ್ಕ ಊಟದ ಹೊತ್ತಿನಲ್ಲಿ ಹಾಲೋ ವಿಷಯ ತೆಗೆದಳು.
“ಹಾಲೋ, ನೀರೋ?” ಅಂದರು ಅಪ್ಪ.
ತಂಗಿ ನಗು ತಡೆದುಕೊಂಡಳು. ಅಕ್ಕ ಬಿಡದೆ ಎಲ್ಲ ವಿವರಿಸಿದಳು. ಅಪ್ಪ ಪೂರ್ತಿ ಕೇಳಿ, ಕೊನೆಗೆ ಮೇಷ್ಟ್ರ ಪ್ರಶ್ನೆಯನ್ನೇ ಹಾಕಿದರು. “ಆ ಎರಡರಲ್ಲಿ ಒಂದನ್ನ ಕಿತ್ತರೆ?”
(ಕಥೆಗಾರ ಅಕ್ಕನ ಕಾಲು ಹಿಡಿದ: ಏನೂ ಆಗಲ್ಲ ಅಂದುಬಿಡು, ತಾಯಿ. ಅವಳು ಕೇಳಲಿಲ್ಲ.)
“ಇನ್ನೊಂದೂ ನಿಲ್ಲಲ್ಲ, ಅಪ್ಪ.”
ತಂಗಿಯ ಮುಖ ಬಾಡಿತು. ಇವಳಿಲ್ಲದ ಮನೆಯಲ್ಲಿ ತಾನಾದರೂ ಹೇಗೆ ನಿಂತೇನು ಎಂಬ ಭಯ ಅಕ್ಕನಿಗೂ ಇತ್ತು.
“ಆದ್ರೆ ಅದು ನಾವು ಕಿತ್ತಾಗ,” ಅಂದಳು. “ದೂರ ಇರೋದು ಬೇರೆ, ಕಿತ್ಕೊಂಡು ಹೋಗೋದು ಬೇರೆ. ದೂರ ಇದ್ರೂ ಅದು ನಮ್ಮದೇ.”

4
ಮುಕ್ತಾಯ ಅ: ಅಪ್ಪ ಒಪ್ಪಿ ಕಣ್ಣೊರೆಸಿಕೊಂಡರು. (ಸಿನಿಮಾ ಆಯಿತು.)
ಮುಕ್ತಾಯ ಆ: ತಂಗಿ ಅಪ್ಪನಿಗಾಗಿ ಉಳಿದಳು. (“ನನ್ನ ಬಾಳೇನು ನಿನ್ನ ಪೆನ್ನಿನ ತುದೀಲಿದ್ಯಾ?” ಎಂದು ತಂಗಿ ಕಥೆಗಾರನನ್ನೇ ಕೇಳಿದಳು.)
ಆದದ್ದು ಇಷ್ಟು. ಅಪ್ಪ ಎದ್ದು ಶೋಕೇಸಿನಿಂದ ಗೋಲಿಯ ಉಂಡೆ ತಂದರು. ಚಾಕುವಿನ ತುದಿಯಿಂದ ಮೀಟಿ ಎರಡು ಗೋಲಿ ಬಿಡಿಸಿದರು. ಒಂದನ್ನು ಅಕ್ಕನ ತಟ್ಟೆಯ ಪಕ್ಕ ಇಟ್ಟರು. ಇನ್ನೊಂದನ್ನು ಮೆಲ್ಲಗೆ ಮೇಜಿನ ಅಂಚಿನತ್ತ ತಳ್ಳುತ್ತ, “ಇಷ್ಟು ದೂರ ಸಾಕಾ?” ಅಂದರು.
“ಇನ್ನೂ ಒಂಚೂರು, ಅಪ್ಪ,” ಅಂದಳು ತಂಗಿ.
ಅಪ್ಪನ ಬೆರಳು ಇನ್ನೂ ಗೋಲಿಯ ಮೇಲೇ ಇದೆ. ಅದನ್ನು ಎತ್ತಿಸುವ ಧೈರ್ಯ ಕಥೆಗಾರನಿಗಿಲ್ಲ. ನೀವು ಓದಿ ಏಳುವಾಗ ಮೇಜಿಗೆ ಮೊಣಕಾಲು ತಾಗಿಸಬೇಡಿ.