ಮುಚ್ಚಳಕ್ಕೆ ಸವರಿದ ಎಣ್ಣೆ

ಏಪ್ರಿಲ್ ತಿಂಗಳ ಬೇಟೆ ಹತ್ತಿರವಾದರೆ ಸಾಕು, ವರ್ಜಿಲ್ ಸ್ಟ್ರೌಡ್ ಊಟದ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಟರ್ಕಿ ಕೋಳಿ ಕರೆಯುವ ತನ್ನ ಪೆಟ್ಟಿಗೆಗೆ, ದನಿ ಚೆನ್ನಾಗಿ ಬರಲೆಂದು, ಸೀಮೆಸುಣ್ಣ ಬಳಿಯಲು ಕೂರುತ್ತಿದ್ದ. ದೇವದಾರು ಮರದ ಉದ್ದನೆಯ ಪುಟ್ಟ ಪೆಟ್ಟಿಗೆ ಅದು. ಮುಚ್ಚಳವನ್ನು ಅದರ ತೆಳು ಅಂಚಿನ ಮೇಲೆ ಉಜ್ಜಿದರೆ ಥೇಟ್ ಹೆಣ್ಣು ಟರ್ಕಿ ಕೂಗಿದಂತೆ ಕೇಳುತ್ತಿತ್ತು. ಓಝಾರ್ಕ್ ಗುಡ್ಡದ ಗಂಡು ಟರ್ಕಿಗಳು ಆ ಕೂಗಿಗೆ ಮರುಳಾಗಿ ಕೋವಿಯ ಮುಂದೆಯೇ ಬಂದು ನಿಲ್ಲುತ್ತಿದ್ದವು. ಅದನ್ನು ಮಾಡಿಕೊಟ್ಟವಳು ಅವನ ಮೊದಲ ಹೆಂಡತಿ ಮರ್ಟಲ್. ಅವಳು ತೀರಿಕೊಂಡ ಮೇಲೆ ಅವನು ಲೊರೀನಳನ್ನು ಮದುವೆಯಾಗಿದ್ದ.

"ಈ ಸಲ ನಾನು ಬಳೀತೀನಿ, ಕೊಡು," ಅಂದಳು ಲೊರೀನ.

"ಬೇಡ ಕಣೇ. ಬೆರಳಿನ ಜಿಡ್ಡು ತಾಗಿದ್ರೂ ಸಾಕು, ದನಿ ಕಟ್ಟಿಹೋಗುತ್ತೆ. ಮರ್ಟಲ್ ಅಂತೂ ಮುಚ್ಚಳದ ಒಳಮೈ ಮುಟ್ಟೋಕೆ ನನ್ನನ್ನೂ ಬಿಡ್ತಿರಲಿಲ್ಲ."

ಬೇಡವೆಂದದ್ದಕ್ಕೆ ಅವಳಿಗೆ ಬೇಸರವಾಗಲಿಲ್ಲ. ಆ ಹೆಸರು ಹೇಳುವಾಗ ಅವನ ಮುಖ ಅರಳಿತಲ್ಲ, ಅದು ಹೊಟ್ಟೆಗೆ ಕಿಚ್ಚಿಟ್ಟಿತು. ಅವನು ದನಗಳಿಗೆ ಹುಲ್ಲು ಹಾಕಲು ಹೋದಾಗ ಕುರ್ಚಿ ಮೇಜು ಒರೆಸುವ ಎಣ್ಣೆಯ ಶೀಶೆ ತೆಗೆದಳು. ಇದೂ ಒಂದಿಷ್ಟು ಚೊಕ್ಕಟವಾಗಲಿ ಎಂದು ತನಗೆ ತಾನೇ ಹೇಳಿಕೊಂಡು ಮುಚ್ಚಳದ ಒಳಮೈಗೂ ಪೆಟ್ಟಿಗೆಯ ಅಂಚಿಗೂ ಬಟ್ಟೆ ಸವರಿದಳು. ಏನು ಮಾಡುತ್ತಿದ್ದೇನೆಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಬೇಟೆ ಶುರುವಾದ ದಿನ ವರ್ಜಿಲ್ ಬರಿಗೈಲಿ ಬಂದ. ಮತ್ತೆ ಸೀಮೆಸುಣ್ಣ ಬಳಿದ; ಅದು ಹಿಡಿಯದೆ ಜಾರಿತು. ಪೆಟ್ಟಿಗೆ ಕೂಗುವ ಬದಲು ಉಸ್ಸೆಂದು ಕಿರುಗುಟ್ಟುತ್ತಿತ್ತು. ಎಣ್ಣೆ ಮರದೊಳಗೆ ಇಂಗಿಹೋಗಿತ್ತು. ಮನೆಯವರೇ ಹಾಗೆ ಮಾಡಿಯಾರೆಂದು ಅವನ ತಲೆಗೇ ಹೊಳೆಯಲಿಲ್ಲ.

"ಪೆಟ್ಟಿಗೇದೇನೂ ತಪ್ಪಿಲ್ಲ. ನನ್ನ ಮಣಿಕಟ್ಟೇ ಸೋತಿದೆ. ವಯಸ್ಸಾಯ್ತಲ್ಲ," ಅಂದ. ಲೊರೀನ ಅವನ ತಟ್ಟೆಗೆ ಗ್ರೇವಿ ಬಡಿಸುತ್ತಿದ್ದಳು. ಇನ್ನೊಂದು ಸೌಟು ಹಾಕಿದಳು.

ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕಾಫಿಗೆ ಕೂತಿದ್ದಾಗ ನೆರೆಯ ಡಾಯ್ಲ್ ಹ್ಯಾಚರ್ ಮಾತು ತೆಗೆದ. "ವರ್ಜಿಲ್ ಉಜ್ಜಿದ್ರೆ ಈಗ ಟರ್ಕಿ ಬರಲ್ಲಪ್ಪ. ಯಾರದೋ ಕೊಟ್ಟಿಗೆ ಬಾಗಿಲು ಕಿರುಗುಟ್ತಿದೆ ಅಂತ ಜನ ಬರ್ತಾರೆ."

ಎಲ್ಲರೂ ನಕ್ಕರು. ವರ್ಜಿಲ್ ಕೂಡ ನಕ್ಕ. ಮೇಜಿನ ಕೆಳಗೆ ಮಾತ್ರ ಅವನು ಬಲಗೈಯ ಮಣಿಕಟ್ಟನ್ನು ತಿಕ್ಕಿಕೊಳ್ಳುತ್ತಿದ್ದುದು ಲೊರೀನಳ ಕಣ್ಣಿಗೆ ಬಿತ್ತು.

ಮನೆಗೆ ಬಂದವನೇ ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿದ. "ಡಾಯ್ಲ್‌ಗೆ ಕೊಟ್ಬಿಡ್ತೀನಿ. ಕೈ ನೆಟ್ಟಗಿರೋನ ಹತ್ರ ಇರ್ಲಿ."

"ನಿನ್ನ ಕೈಗೇನೂ ಆಗಿಲ್ಲ," ಅಂದಳು ಲೊರೀನ. "ನಾನು ಅದಕ್ಕೆ ಎಣ್ಣೆ ಸವರಿದ್ದೆ."

"ಗೊತ್ತಿಲ್ದೆ?"

"ಗೊತ್ತಿದ್ದೇ."

ವರ್ಜಿಲ್ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದ. "ಎಣ್ಣೆ ಹಾಳಾಗೋಗ್ಲಿ. ನಾನು ಕೈ ತಿಕ್ಕೊಂಡು ಕೂತಿರೋದನ್ನ ದಿನಾ ನೋಡ್ತಾ ಇದ್ದೆಯಲ್ಲ."

ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಈ ಮಾತಿಗೆ ಅವಳು ಕುಗ್ಗಿಹೋದಳು.

ಆ ವಾರವೆಲ್ಲ ಅವನು ಪಾತ್ರೆ ತಿಕ್ಕುವ ಒರಟು ನಾರಿನಿಂದ ಮುಚ್ಚಳವನ್ನು ಹಗುರವಾಗಿ ಉಜ್ಜಿದ, ಜಗಲಿಯ ಬಿಸಿಲಿಗಿಟ್ಟ, ಸೀಮೆಸುಣ್ಣ ಬಳಿದ, ಮತ್ತೆ ಉಜ್ಜಿದ. ದನಿ ಬಂತು, ಆದರೆ ಒಡಕಲು, ಮೊದಲಿನದಲ್ಲ. ಲೊರೀನ ಬಾಗಿಲ ಮರೆಯಲ್ಲೇ ನಿಂತು ಕೇಳಿಸಿಕೊಂಡಳು.

ಮುಂದಿನ ಭಾನುವಾರ ಕಾಫಿ ಮೇಜಿನಲ್ಲಿ ಡಾಯ್ಲ್ ಬಾಯಿ ತೆರೆಯುವ ಮೊದಲೇ ಅವಳು ಎದ್ದು ನಿಂತಳು. "ವರ್ಜಿಲ್ ಕೈ ಚೆನ್ನಾಗೇ ಇದೆ. ಪೆಟ್ಟಿಗೆ ಕೆಡಿಸಿದ್ದು ನಾನು. ಬೇಕಂತಲೇ ಕೆಡಿಸಿದ್ದು." ಕಿವಿಯವರೆಗೂ ಮುಖ ಕೆಂಪಾಯಿತು. ಡಾಯ್ಲ್ ಸಕ್ಕರೆ ಹಾಕದ ಕಾಫಿಯನ್ನು ಕಲಕುತ್ತಲೇ ಇದ್ದ. ಅವನ ಹೆಂಡತಿ ಕುರ್ಚಿಯನ್ನು ಚೂರು ಆಚೆಗೆ ಸರಿಸಿಕೊಂಡಳು.

"ಅಷ್ಟು ಜನರ ಮುಂದೆ ಹೇಳ್ಬೇಕಾಗಿರ್ಲಿಲ್ಲ," ಅಂದ ವರ್ಜಿಲ್, ಟ್ರಕ್ಕು ಹತ್ತಿದ ಮೇಲೆ.

"ನಿನ್ನ ನೋಡಿ ನಕ್ಕಿದ್ದೂ ಅಷ್ಟೇ ಜನ."

ಟ್ರಕ್ಕು ಮನೆಯ ಗೇಟಿನ ಮುಂದೆ ಬಂದು ನಿಂತಿತು. ಯಾವಾಗಲೂ ಇಳಿದು ಗೇಟು ತೆಗೆಯುವುದು ಅವಳ ಕೆಲಸ. ಆ ದಿನ ಅವನೇ ಇಳಿದು ಹೋದ. ಅದು ಕನಿಕರವೋ ಮುನಿಸೋ ಅವಳಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಮುಖವಿರಲಿಲ್ಲ.