ಮುಸುಕಿನೊಳಗೆ ಮೂರು ದಿನ

ಕೊಲ್ಲಿ ನಾಡಿನ ಮುಹರ್ರಕ್ ದ್ವೀಪದ ಹಳೆಯ ಓಣಿಯ ಆ ಮನೆಯಲ್ಲಿ ಘಾನಿಮ್ ಹಾಸಿಗೆ ಹಿಡಿದ ಮೇಲೆ ಅವನ ಪಾಲಿಗೆ ಉಳಿದ ಸಮುದ್ರವೆಂದರೆ ಗೋಡೆಬದಿಯ ಗಾಜಿನ ಮೀನುತೊಟ್ಟಿಯೊಂದೇ. ಮೂವತ್ತು ವರ್ಷ ಕಡಲ ತಳಕ್ಕಿಳಿದು ಸಿಕ್ಕಿಬಿದ್ದ ಲಂಗರುಗಳನ್ನು ಬಿಡಿಸುತ್ತಿದ್ದವನು, ಈಗ ಬೆನ್ನು ಮುರಿದು ಮಲಗಿದ್ದ. ಹೆಂಡತಿ ಲುಲ್ವಾಗೆ ಆ ತೊಟ್ಟಿ ಸವತಿಯಂತಿತ್ತು. ಈಗ ಸವತಿಯ ಚಾಕರಿಯೂ ಅವಳ ಕೊರಳಿಗೇ ಬಿದ್ದಿತ್ತು.

ಒಂದು ಬೆಳಿಗ್ಗೆ ಬಿಳಿ ಮರಳಿನ ಮೇಲೆ ಕೆಂಪು ಕಲೆ ಕಂಡಿತು. ವಾರದೊಳಗೆ ಅದು ಮಖಮಲ್ಲಿನಂತೆ ಹಬ್ಬಿ ಕಲ್ಲು, ಹವಳಗಳನ್ನೆಲ್ಲ ಹೊದಿಸಿಬಿಟ್ಟಿತು. ಅದರೊಳಗಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು.

ಅರೆನಿದ್ದೆಯಲ್ಲಿ ಘಾನಿಮ್ ಕೇಳಿದ: “ಹೊತ್ತು ಮುಳುಗ್ತಾ ಲುಲ್ವಾ? ನೀರೆಲ್ಲ ಕೆಂಪಾಗಿದೆಯಲ್ಲೇ.”

ಲುಲ್ವಾ ಆ ಲೋಳೆಯನ್ನು ಸೀಸೆಯಲ್ಲಿ ತುಂಬಿಕೊಂಡು ಸಾಕುಮೀನಿನ ಅಂಗಡಿಯ ಯಾಕೂಬ್‌ನ ಬಳಿಗೆ ಓಡಿದಳು.

“ಖಾಲಾ,” ಎಂದ ಅವನು, ಚಿಕ್ಕಮ್ಮನನ್ನು ಕರೆಯುವಂತೆ. “ನೋಡೋಕೆ ಪಾಚಿ ಥರ ಇದೆ, ಆದ್ರೆ ಇದು ಕಣ್ಣಿಗೆ ಕಾಣದ ಜೀವಿಗಳ ದಂಡು. ಮೀನಿಗೆ ದಿನಕ್ಕೆಷ್ಟು ಸಲ ತಿನ್ನೋಕೆ ಹಾಕ್ತೀರಿ?”

“ಐದಾರು ಸಲ. ಪಾಪ, ಗಾಜಿಗೆ ಮೂತಿ ಒತ್ಕೊಂಡು ನನ್ನೇ ನೋಡ್ತವೆ.”

“ಅವು ಮೀನು ಖಾಲಾ, ಮದುವೆಗೆ ಬಂದ ಬೀಗರಲ್ಲ! ಮಿಕ್ಕಿದ್ದನ್ನ ತಿಂದು ಇದು ಕೊಬ್ಬಿದೆ. ಕೊಳವೆಯಿಂದ ಲೋಳೆ ಎಳೆದು ಹಾಕಿ, ಹೊಸ ಉಪ್ಪುನೀರು ತುಂಬಿ. ಮೂರು ದಿನ ಊಟ ಬೇಡ, ಬೆಳಕೂ ಬೇಡ. ಗಾಳಿಯ ಪಂಪು ಮಾತ್ರ ನಿಲ್ಲಬಾರದು.”

ಕೊಳವೆಗೆ ಬಾಯಿಟ್ಟು ಎಳೆದಾಗ ಕೊಳೆನೀರು ಲುಲ್ವಾಳ ನಾಲಿಗೆಗೇ ನುಗ್ಗಿತು. ಅವಳು ಥೂ ಎಂದು ಉಗಿದದ್ದೇ ತಡ, ತಿಂಗಳುಗಳಿಂದ ಮುಖ ಸಡಿಲಿಸದ ಘಾನಿಮ್ ಗಹಗಹಿಸಿ ನಕ್ಕ.

“ಅಂತೂ ನೀನೂ ಕಡಲಿನ ರುಚಿ ನೋಡ್ದೆ!”

ಹೊರಗೆ ಹೋಗುವಾಗ ತೊಡುವ ತನ್ನ ಎರಡು ಕರಿ ಅಬಾಯಾ ನಿಲುವಂಗಿಗಳನ್ನು ಅವಳು ತೊಟ್ಟಿಯ ಸುತ್ತ ಹೊದಿಸಿದಳು. ಕೋಣೆ ಬರಿದಾಯಿತು. ನೋಡಲು ಏನೂ ಇಲ್ಲದೆ ಗಂಡ ಚಡಪಡಿಸುವುದನ್ನು ಕಂಡು, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದಳು: “ಅಲ್ಲಿ ಕೆಳಗೆ ಹೇಗಿರುತ್ತೆ?”

ಅವನು ಹೇಳತೊಡಗಿದ. ಉಪ್ಪುನೀರಿನ ತಳದಲ್ಲಿ ಉಕ್ಕುವ ಸಿಹಿನೀರಿನ ಬುಗ್ಗೆ. ಅಂಗೈ ಚಾಚಿದರೆ ಬೆರಳ ಸಂದಿಯಲ್ಲಿ ತಣ್ಣಗೆ ನುಸುಳುವ ಅದರ ನಡುಕ. ತಲೆಯ ಮೇಲೆ ನಿಧಾನಕ್ಕೆ ಸಾಗುವ ದೋಣಿಗಳ ಹೊಟ್ಟೆ. ಪಂಪಿನ ಗುಳುಗುಳು ಸದ್ದಿನಲ್ಲಿ ಮೂರು ಮಧ್ಯಾಹ್ನಗಳು ಕರಗಿದವು. ಕೇಳುತ್ತ ಕೇಳುತ್ತ ಲುಲ್ವಾಗೆ ಮಂಚ, ಮಣೆ, ತಾನು, ಎಲ್ಲವೂ ಹಗುರಾಗಿ ತೇಲುತ್ತಿರುವಂತೆ ಅನಿಸುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಮುಸುಕು ಸರಿಸಿದಳು. ಮರಳು ಬೆಳ್ಳಗಿತ್ತು. ಮೂಲೆಯ ಹವಳವೊಂದು ಸತ್ತಿತ್ತು. ಮೀನುಗಳು ಬಡಕಲಾಗಿದ್ದರೂ ಚುರುಕಾಗಿ ಸುಳಿದಾಡುತ್ತಿದ್ದವು.

“ನೋಡಿ, ನಿಮ್ಮ ಸಮುದ್ರ,” ಎಂದಳು.

ಘಾನಿಮ್ ಒಮ್ಮೆ ಅತ್ತ ನೋಡಿ, ಅವಳತ್ತ ತಿರುಗಿದ. “ಇರಲಿ ಬಿಡು. ನಿನ್ನೆ ನಾನು ಮಾತು ಎಲ್ಲಿಗೆ ನಿಲ್ಲಿಸಿದ್ದೆ?”

ಲುಲ್ವಾ ಮಣೆ ಎಳೆದುಕೊಂಡು ಕೂತಳು.